ಐದು ಕಿಲೋ ಇಳಿದ ಮೇಲೆ ಲೇಜಿಮ್

ಅಕ್ಕ: ಇದೆಂತ ಮಾರಾಯ, ಅರುವತ್ತೆಂಟು ಇದ್ದದ್ದು ಎಪ್ಪತ್ತೊಂದು ಆಗಿದೆ. ಎರಡು ತಿಂಗಳು ಇವಳನ್ನು ನಡೆಸಿದ್ದೋ, ಮೇಯಿಸಿದ್ದೋ?

ಡೊಂಬಿವಲಿ ಸ್ಟೇಷನ್ನಿನ ತೂಕದ ಯಂತ್ರದ ಮುಂದೆ ಊರ್ಮಿಳಕ್ಕ ಚೀಟಿ ಹಿಡಿದು ನಿಂತಿದ್ದಳು. ಮಗಳು ಸಂಜನಾಳಿಗೆ ಹದಿನಾಲ್ಕು. ದಿನಾ ಬಿರುಸಾಗಿ ನಡೆಸಿ ಎಂದಿದ್ದರು ಡಾಕ್ಟರು. ಠಾಕುರ್ಲಿಯ ಮನೆಯಿಂದ ಡೊಂಬಿವಲಿ ಸ್ಟೇಷನ್ನಿಗೆ ಅವಳನ್ನು ನಡೆಸಿಕೊಂಡು ಬರುವ ಹೊಣೆ, ಅಕ್ಕನ ಮನೆಯಲ್ಲಿ ಬಿಟ್ಟಿ ಉಣ್ಣುವ ನನ್ನ ಮೇಲೆ ಬಿತ್ತು. ಗಣಪತಿ ಮೆರವಣಿಗೆಯ ಲೇಜಿಮ್ ಕುಣಿತಕ್ಕೆ ಸೇರಬೇಕೆಂದು ಹುಡುಗಿಯ ಆಸೆ. ಹೆಸರು ಕೊಟ್ಟಾಗಿತ್ತು; ಕುಣಿಯುವುದು ಐದು ಕಿಲೋ ಇಳಿದ ಮೇಲೆ ಎಂದು ಅಕ್ಕನ ಷರತ್ತು.

ಸಂಜನಾ: ಮಮ್ಮೀ, ಲೇಜಿಮ್ ಭೀ ತೋ ಎಕ್ಸರ್‌ಸೈಜ್ ಹೈ.

ಅಕ್ಕ: ಸಪೂರ ಆದ ಮೇಲೆ ಕುಣಿ. ಈಗ ಹಿಂದಿನ ಸಾಲಿನಲ್ಲಿ ಅಡಗಿಸಿದರೂ ನೀನೇ ಕಾಣುವುದು. ಇವತ್ತೇ ಹೆಸರು ತೆಗೆಸ್ತೇನೆ.

ಸಂಜನಾಳ ನಂತರ ನಾನೂ ಯಂತ್ರ ಹತ್ತಿದ್ದೆ. ಎರಡೂ ಚೀಟಿ ಅಕ್ಕನ ಕೈಯಲ್ಲಿದ್ದವು. ಅವುಗಳ ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ ಇರುತ್ತದೆ, ಹೆಸರಿರುವುದಿಲ್ಲ. ಸುಮ್ಮನಿದ್ದರೆ ನಾನು ಬಚಾವು.

ನಾನು: ಅಕ್ಕಾ, ಎಪ್ಪತ್ತೊಂದು ನನ್ನದು.

ಅಕ್ಕ: ನೀನು ಅರುವತ್ತಾರಲ್ವಾ? ದಿನಾ ನಡೆದವನು ಏರಿದ್ದು ಹೇಗೆ?

ಒಪ್ಪಿಕೊಂಡೆ. ನಡೆದದ್ದು ಹುಡುಗಿ ಮಾತ್ರ. ನಾನು ಆಫೀಸಿನ ಪಾಸಿನಲ್ಲಿ ಲೋಕಲ್ ಹಿಡಿದು ಬಂದು, ಸ್ಟೇಷನ್ನಿನ ಹೊರಗಿನ ಮುರಾರಿಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ, ಅವಳು ಬಂದು ಮುಟ್ಟುವ ಹೊತ್ತನ್ನು ಗಡಿಯಾರದಲ್ಲಿ ನೋಡುತ್ತಿದ್ದೆ. ಅದನ್ನಂತೂ ನಿಷ್ಠೆಯಿಂದ ನೋಡಿದ್ದೇನೆ: ಮೊದಲು ನಲವತ್ತು ನಿಮಿಷ, ಈಗ ಇಪ್ಪತ್ತೈದು.

ಅಕ್ಕ ಇನ್ನೊಂದು ಚೀಟಿ ನೋಡಿದಳು. ಅರುವತ್ತೆಂಟು. ಇದ್ದಲ್ಲೇ ಇತ್ತು.

ಅಕ್ಕ: ನಡೆದು ಎಂತ ಬಂತು? ಲೇಜಿಮ್ ಇಲ್ಲ.

ಅಷ್ಟರಲ್ಲಿ ಮನೆಗೆ ಮರಳುವ ನಮ್ಮ ಲೋಕಲ್ ಆಚೆಯ ಪ್ಲಾಟ್‌ಫಾರ್ಮಿಗೆ ಬಂತು. ಸಂಜನಾ ಸೇತುವೆ ಹತ್ತಿಳಿದು, ಡಬ್ಬಿಯ ಬಾಗಿಲಲ್ಲಿ ನಿಂತು ಕೈಬೀಸಿದಳು. ದೊಡ್ಡವರಿಬ್ಬರೂ ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೆವು. ನಾವು ಬರುವವರಲ್ಲ ಎಂದು ಅರಿತ ಅವಳು ಲೋಕಲಿನಿಂದ ಇಳಿದು, ಮತ್ತೆ ಸೇತುವೆ ಹತ್ತಿ ನಮ್ಮಲ್ಲಿಗೇ ಬಂದಳು. ಉಸಿರು ಏರಿರಲಿಲ್ಲ. ಜೂನ್‌ನಲ್ಲಿ ಇದೇ ಮೆಟ್ಟಿಲುಗಳ ಮೇಲೆ ಮೂರು ಕಡೆ ಕುಳಿತಿದ್ದ ಹುಡುಗಿ.

ಅಕ್ಕ: (ಉಸಿರು ಸಿಕ್ಕಿದ ಮೇಲೆ) ಹೋಗು, ಕುಣಿ. ಷರತ್ತು ಇನ್ನು ನಿನ್ನ ಮಾಮನಿಗೆ. ಐದು ಕಿಲೋ ಇಳಿಯದೆ ಇವನಿಗೆ ಹೆಣ್ಣು ನೋಡುವುದಿಲ್ಲ.

ನನ್ನ ಚೀಟಿಯ ಬೆನ್ನಲ್ಲಿ ‘ಶೀಘ್ರ ವಿವಾಹ ಯೋಗ’ ಎಂದಿತ್ತು. ತೋರಿಸಿದೆ. ಸಂಜನಾ ಅದನ್ನು ತೂಕದ ಕಡೆಗೆ ತಿರುಗಿಸಿ ನನ್ನ ಕೈಗಿಟ್ಟಳು.

ಸಂಜನಾ: ಮಾಮಾ, ಲೇಜಿಮ್‌ಗೆ ಬಾ. ಹಿಂದಿನ ಸಾಲು ಖಾಲಿ ಹೈ.