ಮುಚ್ಚಬಾರದ ಫ್ರಿಜ್ಜು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮೊನ್ನೆ ಭಾನುವಾರ ನನ್ನ ಮೊಮ್ಮಗಳು ನನ್ನನ್ನು ಬೈದಳು. ಕನ್ನಡದಲ್ಲಿ ಬೈದಳು. ಒಂದೇ ಒಂದು ಇಂಗ್ಲಿಷ್ ಮಾತು ಸೇರಿಸದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬೈದಳು. ಬೈಸಿಕೊಂಡು ಇಷ್ಟು ಹಿಗ್ಗಿದ ಮುದುಕ ಅಮೆರಿಕದ ಈ ಯೂನಿಯನ್ ಸಿಟಿಯಲ್ಲಿ ಇನ್ನೊಬ್ಬ ಇರಲಾರ.

ಚಿನ್ಮಯಿಗೆ ಒಂಬತ್ತು ವರ್ಷ. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೋ ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು. ನನ್ನ ಇಂಗ್ಲಿಷು ಎಸ್, ನೋ, ಥ್ಯಾಂಕ್ಯೂಗಳಲ್ಲಿ ಮುಗಿಯುತ್ತದೆ. ಅವಳು ಏನಂದರೂ ಈ ಮೂರರಲ್ಲಿ ಒಂದನ್ನು ಅಂದಾಜಿನ ಮೇಲೆ ಎಸೆಯುತ್ತೇನೆ. ಒಮ್ಮೆ ಥ್ಯಾಂಕ್ಯೂ ಎಂದೆ. ಮಗಳು ಸುಮಾ ಅಡುಗೆಮನೆಯಿಂದ, "ಯಪ್ಪಾ, ಅಂಗಿ ಉಲ್ಟಾ ಹಾಕ್ಕೊಂಡೀ ಅಂತ ಹೇಳಾಕತ್ತಾಳ ಅಕಿ" ಎಂದು ನಕ್ಕಳು.

ಬೈಗುಳಕ್ಕೆ ಕಾರಣ ಒಂದು ಫ್ರಿಜ್ಜು. ಅಳಿಯ ಶ್ರೀಧರನ ಬಳಿ ಆರ್‌ವಿ ಇದೆ. ಒಲೆ, ಹಾಸಿಗೆ, ಫ್ರಿಜ್ಜು ಎಲ್ಲ ಒಳಗೇ ಇರುವ ಮನೆಯಂಥ ಗಾಡಿ. ಬೇಸಿಗೆಯಲ್ಲಿ ಕ್ಯಾಂಪಿಂಗಿಗೆ ಹೋಗುತ್ತಾರೆ, ಚಳಿಗಾಲದಲ್ಲಿ ಅದು ಮನೆಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತದೆ. ಹೋದ ವರ್ಷ ಹಾಗೆ ನಿಂತಾಗ ಫ್ರಿಜ್ಜು ಬೂಷ್ಟು ಹಿಡಿದು, ಆಮೇಲೆ ಅದರಲ್ಲಿಟ್ಟ ಹಾಲು, ಹಣ್ಣು, ಕೊನೆಗೆ ನೀರು ಕೂಡ ನಾರಿತು. ಈ ಸಲ ಸುಮಾ ಮೊದಲೇ ಹೇಳಿಬಿಟ್ಟಿದ್ದಳು: "ಮತ್ತ ನಾತ ಬಂತಂದ್ರ ಗಾಡಿ ಮಾರಿಬಿಡೂದು. ನಾನೇ ಮೂಸಿ ನೋಡ್ತೀನಿ." ಆ ಗಾಡಿ ಎಂದರೆ ಚಿನ್ಮಯಿಗೆ ಪ್ರಾಣ. ಅದಕ್ಕೇ ಶ್ರೀಧರ ಫ್ರಿಜ್ಜಿನ ಕರೆಂಟು ತೆಗೆದು, ಖಾಲಿ ಮಾಡಿ, ಒರೆಸಿ, ಒಳಗೆ ಗಾಳಿಯಾಡಲಿ ಎಂದು ಬಾಗಿಲ ಸಂದಿಗೆ ಟವೆಲು ಸುತ್ತಿಟ್ಟು, ಅದರ ಉಸ್ತುವಾರಿಯನ್ನು ಅವಳಿಗೇ ಒಪ್ಪಿಸಿದ. ಒಪ್ಪಿಸಿದ್ದು ಇಂಗ್ಲಿಷಿನಲ್ಲಿ. ನಾನೂ ಅಲ್ಲೇ ಇದ್ದೆ. ಕೊನೆಗೆ ಎಸ್ ಎಂದಿದ್ದೆ.

ಗದಗಿನಲ್ಲಿ ನಲವತ್ತು ವರ್ಷ ಸೋಡಾ ಅಂಗಡಿ ಇಟ್ಟವನು ನಾನು. ತಂಪು ಪೆಟ್ಟಿಗೆಯ ಬಾಗಿಲು ತೆರೆದಿರುವುದನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ತೆರೆದಿಟ್ಟು ಹೋದವರು ಯಾರೇ ಆಗಲಿ, "ಬಾಗಲಾ ಮುಚ್ಚು, ಬುದ್ಧಿ ಐತೇನು ನಿನಗ?" ಎನ್ನದೆ ಬಿಟ್ಟವನಲ್ಲ. ಇಲ್ಲಿ ಮಧ್ಯಾಹ್ನ ಬಿಸಿಲು ಕಾಯಿಸಿಕೊಳ್ಳಲು ಆ ಗಾಡಿಯೊಳಗೆ ಕೂಡುವುದು ನನ್ನ ರೂಢಿ. ನೋಡಿದರೆ ಫ್ರಿಜ್ಜಿನ ಬಾಗಿಲಲ್ಲಿ ಟವೆಲು ಸಿಕ್ಕಿಕೊಂಡಿದೆ. ಎಂಥ ಹುಡುಗರಪ್ಪ ಎಂದುಕೊಂಡು ಟವೆಲು ಮಡಿಚಿಟ್ಟೆ, ಬಾಗಿಲು ಒತ್ತಿ ಮುಚ್ಚಿದೆ. ಪ್ರತಿ ಭಾನುವಾರ ಚಿನ್ಮಯಿ ಬಂದು ತೆರೆದಿಡುವಳು, ಸೋಮವಾರ ನಾನು ಮುಚ್ಚುವೆನು. ಹೀಗೆ ಮೂರು ವಾರ.

ಮೊನ್ನೆ ಭಾನುವಾರ ಬೆಳಿಗ್ಗೆಯೇ ಹೋದೆ, ಫ್ರಿಜ್ಜಿನ ಬಾಗಿಲು ಬಿಗಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡುತ್ತಿದ್ದಾಗಲೇ ಸಿಕ್ಕಿಬಿದ್ದೆ. ಚಿನ್ಮಯಿ ಬಂದವಳೇ ಅದನ್ನು ಜಗ್ಗಿ ತೆರೆದಳು. ರಬ್ಬರಿನ ಮೇಲೆ ಕಪ್ಪು ಚುಕ್ಕಿ, ಒಳಗಿಂದ ಗಬ್ಬು ವಾಸನೆ.

"ಅಜ್ಜಾ, ನೀನಾ ವಾರಾ ವಾರಾ ಮುಚ್ಚೋದು? ಖಾಲಿ ಇದ್ದಾಗ ಮುಚ್ಚಿದ್ರ ನಾತ ಬರ್ತದ. ಸಂಜಿಗೆ ಅಮ್ಮ ಮೂಸಿ ನೋಡ್ತಾಳ, ಗಾಡಿ ಮಾರ್ತಾಳ. ಬುದ್ಧಿ ಐತೇನು ನಿನಗ?"

ನನ್ನ ಮಾತೇ, ಮಗಳ ಬಾಯಿಂದ ಮೊಮ್ಮಗಳ ಬಾಯಿಗೆ ಹೋಗಿ, ಸಮುದ್ರದಾಚೆ ನನಗೇ ಬಂದು ಬಡಿಯಿತು. ಕುಣಿಯಬೇಕೆನಿಸಿತು. ಆದರೆ ಹುಡುಗಿಯ ಕಣ್ಣಲ್ಲಿ ನೀರಿತ್ತು. ಆಗಲೇ ನೆನಪಾದದ್ದು: ಮಳೆಗಾಲದಲ್ಲಿ ಅಂಗಡಿಯ ಖಾಲಿ ಐಸ್ ಪೆಟ್ಟಿಗೆಯನ್ನು ಬಾಯಿ ತೆರೆದು ಗಾಳಿಗಿಡುತ್ತಿದ್ದವನು ನಾನೇ. ಪೆಟ್ಟಿಗೆಯ ವಿಷಯಕ್ಕೆ ಇದ್ದ ಬುದ್ಧಿ ಫ್ರಿಜ್ಜಿನ ವಿಷಯಕ್ಕೆ ಬರಲಿಲ್ಲ.

"ಸಂಜಿತನಾ ವ್ಯಾಳ್ಯಾ ಐತಿ, ನಡಿಯವ್ವಾ" ಎಂದೆ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಒಳಗೆಲ್ಲ ತಿಕ್ಕಿದೆವು. ರಬ್ಬರಿನ ಮಡಿಕೆಗಳಿಗೆ ನನ್ನ ಹಲ್ಲುಜ್ಜುವ ಬ್ರಷ್ಷೇ ಬಲಿಯಾಯಿತು. ನಾನು ಮುಗಿಯಿತು ಎಂದಾಗಲೆಲ್ಲ ಅವಳು, "ಇನ್ನೂ ಐತಿ, ಅಲ್ನೋಡು" ಎನ್ನುವಳು. ಮೊಣಕಾಲು ಕೂಗಿಕೊಂಡರೂ ಕೊನೆಯ ಚುಕ್ಕಿ ಹೋಗುವವರೆಗೆ ನಾನು ಏಳಲಿಲ್ಲ. ಒರೆಸಿ, ಬಟ್ಟಲಲ್ಲಿ ಒಣ ಸೋಡಾ ಇಟ್ಟು, ಬಾಗಿಲು ಪೂರ್ತಿ ತೆರೆದುಬಿಟ್ಟೆವು.

ಸಂಜೆ ಸುಮಾ ಫ್ರಿಜ್ಜಿನೊಳಗೆ ತಲೆ ಹಾಕಿದಳು. ಒಮ್ಮೆ ಮೂಸಿದಳು, ನಂಬದೆ ಮತ್ತೊಮ್ಮೆ ಮೂಸಿದಳು. "ಇರ್ಲಿ ಬಿಡು, ಗಾಡಿ" ಎಂದಳು. ಚಿನ್ಮಯಿ ನನ್ನ ಹೆಸರು ಹೇಳಲಿಲ್ಲ. ಶ್ರೀಧರನಂತೂ, "ನೋಡಿ ಮಾವ, ಒಂದು ದಿನಾನೂ ಡೋರು ಮುಚ್ಚೋಕೆ ಬಿಟ್ಟಿಲ್ಲ ಇವಳು" ಎಂದು ಮೆರೆದ. ನಾನು ಎಸ್ ಎಂದೆ. ತೊಡಕು ಒಂದೇ: ಅವಳು ಕನ್ನಡ ಆಡಿದ ಸುದ್ದಿ ಹೇಳಿದರೆ, ಬಾಗಿಲು ಮುಚ್ಚಿದ ನನ್ನ ಕಳ್ಳತನವೂ ಹೊರಬೀಳುತ್ತದಲ್ಲ.

ನಾಲ್ವರೂ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ನಾನೇ ಎದ್ದು ಮನೆಯ ಫ್ರಿಜ್ಜಿನಿಂದ ಮೊಸರು ತಂದೆ.

"ಅಜ್ಜಾ, ಬಾಗಲಾ ಮುಚ್ಚು. ಬುದ್ಧಿ ಐತೇನು ನಿನಗ?"

ಸುಮಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಶ್ರೀಧರ ಮಗಳನ್ನೂ ನನ್ನನ್ನೂ ನೋಡಿದ. ಬಾಗಿಲನ್ನು ಮರೆತು ಬಿಟ್ಟೆನೋ ಬೇಕೆಂದು ಬಿಟ್ಟೆನೋ ಎಂದು ನೀವು ಕೇಳಬಾರದು. ಎದ್ದು ಮುಚ್ಚಿ ಬಂದೆ. ಎರಡು ತುತ್ತು ತಿಂದ ಮೇಲೆ ಫ್ರಿಜ್ಜಿನಿಂದ ಉಪ್ಪಿನಕಾಯಿ ತರಲೂ ನಾನೇ ಎದ್ದೆ.