ಮಾವನವರ ನಿಂಬೆಗಿಡ

ಎದುರಿಗೆ ಕೂತು ಸುಳ್ಳು ಹೇಳುವುದು ನನ್ನಿಂದಾಗದ ಕೆಲಸ. ಕಿವಿ ಕೆಂಪಾಗುತ್ತದೆ, ಮಾತು ತಡವರಿಸುತ್ತದೆ, ಕೇಳುವವರಿಗೇ ಪಾಪ ಅನ್ನಿಸಿ ಬೇರೆ ವಿಷಯ ಎತ್ತುತ್ತಾರೆ. ಆದರೆ ಪೋಸ್ಟ್ ಕಾರ್ಡಿನಲ್ಲಿ ಬರೆದವನ ಕಿವಿ ಕಾಣುವುದಿಲ್ಲ. ಈ ಅನುಕೂಲ ನನಗೆ ಗೊತ್ತಾದದ್ದು ಅರವತ್ತರ ದಶಕದಲ್ಲಿ, ಹೊಸನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ. ಗೊತ್ತುಮಾಡಿಸಿದ್ದು ಒಂದು ನಿಂಬೆಗಿಡ.

ಗಿಡ ತಂದವರು ನನ್ನ ಮಾವ. ಚಳ್ಳಕೆರೆ ಕಡೆಯವರು; ಅಲ್ಲಿ ನಿಂಬೆಗೆ ಬಿಸಿಲೇ ಗೊಬ್ಬರ. ಮಗಳು ಕಮಲಾ ಹೊಸ ಸಂಸಾರ ಹೂಡುತ್ತಾಳೆಂದು ಮೊಳದುದ್ದದ ಸಸಿಯನ್ನು ಎಣ್ಣೆಡಬ್ಬದಲ್ಲಿ ನೆಟ್ಟು, ರೈಲಿನಲ್ಲೂ ಬಸ್ಸಿನಲ್ಲೂ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. "ಈ ತಂಡಿ ಊರಾಗೆ ಇದು ಬದುಕ್ತೈತೇನ್ರೀ ಅಳಿಯಂದ್ರೇ?" ಎಂದು ಅವರು ಅನುಮಾನಿಸಿದಾಗ ನಾನು ಹೊಸ ಅಳಿಯನ ಹುರುಪಿನಲ್ಲಿ, "ಬರೋ ವರ್ಷ ಉಪ್ಪಿನಕಾಯಿ ನಾವೇ ಕಳಿಸ್ತೀವಿ, ಬಿಡಿ" ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಬೆಳೆಸಿದ್ದೆಂದರೆ ಮೀಸೆ ಒಂದೇ. ಅದೂ ಎಡಗಡೆ ಸರಿಯಾಗಿ ಬಂದಿರಲಿಲ್ಲ.

ಬಾಡಿಗೆ ಮನೆಯ ಹಿತ್ತಲಿನ ನಟ್ಟನಡುವೆ ಗುಂಡಿ ತೋಡಿ ನೆಟ್ಟೆ. ಮಳೆ ಹಿಡಿದದ್ದೇ ಗುಂಡಿ ಪುಟ್ಟ ಕೆರೆಯಾಯಿತು. ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು, ಕಾಂಡಕ್ಕೆ ಪಾಚಿ ಕಟ್ಟಿತು. ಮಳೆ ಬಿಟ್ಟಿತೆಂದರೆ ಮಂಜು ಬಂತು. ಒಬ್ಬರು ಹುಳಿಮಜ್ಜಿಗೆ ಸುರಿಯಿರಿ ಎಂದರು, ಇನ್ನೊಬ್ಬರು ತುಕ್ಕುಮೊಳೆ ಹೂಳಿ ಎಂದರು. ನಮ್ಮ ಹೆಡ್ ಗುಮಾಸ್ತರು ಮಾತ್ರ ಗಂಭೀರವಾಗಿ, "ಬಯಲುಸೀಮೆಗೆ ವರ್ಗ ಬೇಕೂಂತ ಅದರ ಹೆಸರಲ್ಲೊಂದು ಅರ್ಜಿ ಹಾಕ್ರಿ" ಎಂದರು. ಮಜ್ಜಿಗೆ, ಮೊಳೆ ಎರಡನ್ನೂ ಮಾಡಿದೆ. ಅರ್ಜಿಯೊಂದು ಬಾಕಿ ಉಳಿಯಿತು.

ಅದೇ ಮಳೆಗಾಲದಲ್ಲಿ ನಮಗೆ ಹುಟ್ಟಿದ ಕೂಸು ಎರಡು ದಿನವೂ ಉಳಿಯಲಿಲ್ಲ. ಮಾವನವರಿಗೆ ಒಂದೇ ಸಾಲು ಬರೆದೆ. ಅವರಿಂದ ಬಂದ ಕಾರ್ಡಿನಲ್ಲಿ ಕೂಸಿನ ಮಾತೇ ಇರಲಿಲ್ಲ, ಕೊನೆಯಲ್ಲಿ "ನಿಂಬೆಗಿಡ ಹೇಗಿದೆ?" ಎಂದಿತ್ತು. ನನಗೆ ಸಿಟ್ಟೇ ಬಂತು. ಕಮಲಾ ಅಡುಗೆಮನೆಯ ಕಿಟಕಿಯಲ್ಲಿ ಕೂತು ಆ ಬೋಳುಗಿಡವನ್ನೇ ನೋಡುತ್ತಿದ್ದಳು. ಅಂಥ ಮನೆಯಿಂದ ಇನ್ನೊಂದು ಸಾವಿನ ಸುದ್ದಿ ಬರೆಯಲು ನನಗೆ ಕೈ ಬರಲಿಲ್ಲ. "ಚೆನ್ನಾಗಿದೆ" ಎಂದು ಬರೆದೆ. ಹದಿನೈದು ದಿನಕ್ಕೆ ಮತ್ತೆ ಅದೇ ಪ್ರಶ್ನೆ ಬಂತು. "ಚಿಗುರಿದೆ" ಎಂದೆ. ಆಮೇಲೆ ಕಾರ್ಡಿನಲ್ಲೇ ಹೂ ಅರಳಿಸಿದೆ. ಕೊನೆಗೆ ಹನ್ನೆರಡು ಕಾಯಿಗಳೂ ಆದವು. ತಕ್ಷಣ ಉತ್ತರ ಬಂತು: "ಬಹಳ ಸಂತೋಷ. ಗುರುವಾರ ನೋಡಲು ಬರುತ್ತೇನೆ."

ಕಾರ್ಡನ್ನು ಕಮಲಾಳ ಕೈಗಿಟ್ಟು ತಪ್ಪೊಪ್ಪಿಕೊಂಡೆ. ಅವಳು ಹಿತ್ತಲಿಗೆ ಹೋಗಿ ನೋಡಿ ಬಂದಳು. "ಹನ್ನೆರಡು ಕಾಯಾ? ಅದರಲ್ಲಿರೋದೇ ಏಳು ಎಲೆ!" ಎಂದವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು. ಆ ನಗುವಿನ ಧೈರ್ಯದಿಂದಲೇ ನಾನು ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಹಸಿರು ನಿಂಬೆಕಾಯಿ ತಂದೆ. ಕಟ್ಟಿದವಳು ಕಮಲಾ, ಹಸಿರು ನೂಲಿನಲ್ಲಿ. ಗಿಡ ನಾಲ್ಕಕ್ಕೇ ಬಾಗಿತು. ಉಳಿದ ಎಂಟನ್ನು ಕೊಯ್ದೆವು ಎನ್ನುವುದೆಂದು ತೀರ್ಮಾನವಾಯಿತು.

ಪಕ್ಕದ ಮನೆಯ ಪದ್ಮಕ್ಕ ಬೇಲಿಯಾಚೆಯಿಂದ ನೋಡುತ್ತಿದ್ದರು. ಜೈನರ ಮುದುಕಿ, ಶರಾವತಿಯ ಹಿನ್ನೀರಿನಲ್ಲಿ ಊರೇ ಮುಳುಗಿ ನಮ್ಮ ಬೀದಿಗೆ ಬಂದವರು. "ಎಂತ ಮಾರಾಯ್ರೇ, ಗಿಡಕ್ಕೆ ತಾಳಿ ಕಟ್ತಾ ಇದ್ದೀರಾ?" ಎಂದರು.

ಗುರುವಾರ ಮಾವ ಬಂದರು. ಕಾಲಿಗೆ ನೀರನ್ನೂ ಹಾಕಿಕೊಳ್ಳದೆ ನೇರ ಹಿತ್ತಲಿಗೆ ನಡೆದರು. ಕಣ್ಣಿಗೆ ಪೊರೆ ಬಂದಿತ್ತು. ಕೈಯಿಂದ ತಡವಿ ನೋಡಿದರು. ಕಾಂಡ, ಕೊಂಬೆ, ಕಾಯಿ. ಕಾಯಿಯ ತೊಟ್ಟಿನ ಬಳಿ ಬೆರಳು ನಿಂತಿತು. ನಾನು ಆಕಾಶ ನೋಡಿದೆ.

"ಇದರ ಗಂಟು ಸಡಿಲಾಗೈತಲ್ಲ, ಅಳಿಯಂದ್ರೇ" ಎಂದರು.

ಕಮಲಾ ಮತ್ತೆ ನಕ್ಕಳು. ಆ ನಗು ಕೇಳಿದ್ದೇ ಮುದುಕರು ಗಿಡ ಬಿಟ್ಟು ಅವಳತ್ತ ತಿರುಗಿದರು. ಕಣ್ಣು ತುಂಬಿತ್ತು. "ನಗ್ತೀಯಲ್ಲವ್ವಾ, ಅಷ್ಟು ಸಾಕು" ಎಂದರು. ಆಮೇಲೆ ನನಗೆ, "ನಾನು ಗಿಡದ ಸುದ್ದಿ ಕೇಳ್ತಿದ್ನೇನ್ರೀ? ಮಗಳು ಹೆಂಗವ್ಳೆ ಅಂತ ಕೇಳಾಕೆ ಧೈರ್ಯ ಇರ್ಲಿಲ್ಲ. ಅದಕ್ಕೇ ಗಿಡ ಅಂತ ಬರೀತಿದ್ದೆ." ಅವರ ಮೇಲೆ ಸಿಟ್ಟಾಗಿದ್ದ ನಾನು ಅವರ ಕಾಲಿಗೆ ನೀರು ತರಲು ಒಳಗೆ ಹೋದೆ. ತಂದೆಯೂ ಮಗಳೂ ಆ ಗಿಡದ ಪಕ್ಕದಲ್ಲೇ ಕೂತು, ಅದುವರೆಗೆ ಅಳದೆ ಉಳಿದದ್ದನ್ನೆಲ್ಲ ಅತ್ತು ಮುಗಿಸಿದರು.

ಅವರು ಎದ್ದಮೇಲೆ ಪದ್ಮಕ್ಕ ಬೇಲಿ ದಾಟಿ ಬಂದರು. "ನಿಂಬೆಗೆ ಚಳಿಗಿಂತ ನಿಂತ ನೀರು ಕೆಟ್ಟದ್ದು ಮಾರಾಯ್ರೇ. ದಿಬ್ಬ ಮಾಡಿ, ಬಚ್ಚಲೊಲೆ ಗೋಡೆ ಮಗ್ಗುಲಲ್ಲಿ ನೆಡಿ, ಬೆಚ್ಚಗಿರ್ತದೆ. ನಮ್ಮನೆದು ಹಾಗೇ ಇತ್ತು. ಈಗ ನೀರಡಿ ಇದೆ" ಎಂದರು. ಆ ಸಂಜೆಯೇ ಮಾವ ಮಣ್ಣು ಸಡಿಲಿಸಿದರು, ನಾನು ಕಲ್ಲು ಹೊತ್ತೆ, ಕಮಲಾ ಬೂದಿ ಬೆರೆಸಿದಳು. ದಕ್ಷಿಣದ ಬಿಸಿಲು ಬೀಳುವ ಬಚ್ಚಲಗೋಡೆಗೆ ಒತ್ತಿ, ಹೆಂಚಿನ ಮಾಡಿನ ನೀರು ಬೀಳದಂತೆ ಗಿಡವನ್ನು ದಿಬ್ಬಕ್ಕೇರಿಸಿದೆವು. ಅದಕ್ಕೆ ಬದುಕುವ ಮನಸ್ಸಾಯಿತು. ಮೂರನೆಯ ವರ್ಷ ಐದು ಕಾಯಿ, ನೂಲಿಲ್ಲದೆ, ತಾವೇ ನಿಂತವು. ಮೊದಲನೆಯದು ಪದ್ಮಕ್ಕನಿಗೆ ಹೋಯಿತು. ಅವರು ಅದನ್ನು ಹೆಚ್ಚಲಿಲ್ಲ, ಒಣಗುವವರೆಗೂ ಕಿಟಕಿಯಲ್ಲಿಟ್ಟುಕೊಂಡಿದ್ದರು.

ಕಷ್ಟವೆಲ್ಲ ನನಗೆ. ಗೋಡೆ ಬೆಚ್ಚಗಿರಬೇಕಾದರೆ ಒಲೆ ಉರಿಯಬೇಕು, ಒಲೆ ಉರಿದಮೇಲೆ ನೀರು ವ್ಯರ್ಥವಾಗಬಾರದು. ಚಳಿಗಾಲ ಪೂರ್ತಿ ಕಮಲಾ, "ಗಿಡಕ್ಕೆ ಚಳಿಯಾಗ್ತಿದೆ, ಸ್ನಾನಕ್ಕೆ ಏಳಿ" ಎಂದು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನನ್ನನ್ನು ಬಚ್ಚಲಿಗೆ ತಳ್ಳುತ್ತಿದ್ದಳು. ನಮ್ಮ ಬಚ್ಚಲ ಹೊಗೆ ಕಂಡು, ನಾನು ದ್ವಿಕಾಲ ಸ್ನಾನದ ನಿಷ್ಠಾವಂತನೆಂದು ಊರಲ್ಲಿ ಹೆಸರಾಯಿತು. ದೇವಸ್ಥಾನದ ಪೂಜಾ ಸಮಿತಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಮೊದಲ ತೀರ್ಥ ನನ್ನ ಅಂಗೈಗೆ ಬಿದ್ದಾಗ, ಈ ಮರ್ಯಾದೆ ಗಿಡಕ್ಕೆ ಸಲ್ಲತಕ್ಕದ್ದು ಎಂದು ಹೇಳಿಬಿಡೋಣ ಅನ್ನಿಸಿತು. ಭಟ್ಟರು ಎರಡನೆಯ ಸಲ ಹಾಕಲು ಉದ್ಧರಣೆ ಎತ್ತಿದರು. ನಾನು ಕೈ ಇನ್ನಷ್ಟು ಮುಂದೆ ಚಾಚಿದೆ.