ಬಾಟಲಿಯಲ್ಲಿ ಬಂದ ಅಪರೂಪದ ಹುಳ

ಹಗರಿಬೊಮ್ಮನಹಳ್ಳಿಯ ಲ್ಯಾಬೊಂದರಲ್ಲಿ ಮೂತ್ರ ಪರೀಕ್ಷೆ ಮಾಡುವುದು ನನ್ನ ಕೆಲಸ. ನೆಂಟರ ಮುಂದೆ ಇದನ್ನು ಹೇಳಿಕೊಳ್ಳಲು ನನ್ನ ಹೆಂಡತಿಗೆ ನಾಚಿಕೆ. ಆದರೆ ನಾವು ಕೊಟ್ಟ ಪುಟ್ಟ ಬಾಟಲಿ ಮನೆಗೆ ಹೋಗಿ ವಾಪಸ್ ಬರುವಾಗ ಒಂದಲ್ಲ ಒಂದು ಕಥೆ ತಂದೇ ತರುತ್ತದೆ.

ಕ್ಯಾನು

ಕೋಗಳಿ ಕಡೆಯ ಯಜಮಾನರಿಗೆ ಉರಿಮೂತ್ರ. ಬೆಳಿಗ್ಗೆ ಹಿಡಿದು ತನ್ನಿ ಎಂದು ಬಾಟಲಿ ಕೊಟ್ಟಿದ್ದೆ. ಮರುದಿನ ಎಣ್ಣೆ ಕ್ಯಾನಿನ ತುಂಬ ಹಿಡಿದು ಹೊತ್ತು ಬಂದರು. ಇಷ್ಟೆಲ್ಲ ಯಾಕೆ ಎಂದರೆ ಅವರಿಗೆ ಬೇಸರವೇ ಆಯಿತು.

"ನಮ್ಮ ಮನ್ಯಾಗ ಯಾರಿಗೂ ಚೂರುಪಾರು ಕೊಟ್ಟು ರೂಢಿ ಇಲ್ರಿ."

ಹೆಪ್ಪು

ಕೊಟ್ಟೂರಿನ ಮೆಕ್ಯಾನಿಕ್ ಒಬ್ಬರು ನಮ್ಮ ಬಾಟಲಿ ಕಳೆದುಕೊಂಡು, ಮೊಸರಿನ ಡಬ್ಬಿ ತೊಳೆದು ಅದರಲ್ಲಿ ತಂದರು. ಮೂತ್ರವನ್ನು ಗಾಜಿನ ತಟ್ಟೆಯಲ್ಲಿಟ್ಟು ಹುಳ, ಅಂದರೆ ಬ್ಯಾಕ್ಟೀರಿಯಾ, ಬೆಳೆಸಿ ನೋಡಿದರೆ, ಮೂತ್ರದ ಸೋಂಕಿನಲ್ಲಿ ಸಾಮಾನ್ಯವಾಗಿ ಕಾಣದ ಮೊಸರಿನ ಹುಳ ತಟ್ಟೆ ತುಂಬ ಸೊಂಪಾಗಿ ಬೆಳೆದಿತ್ತು. ವಿಷಯ ತಿಳಿಸಿದ್ದೇ ತಡ, ಅವರು ದನಿ ತಗ್ಗಿಸಿದರು.

"ನಮ್ಮಾಕಿಗೆ ಹೇಳಬ್ಯಾಡ್ರಿ. ಹೆಪ್ಪು ಸರಿ ಇಲ್ಲ ಅಂತ ದಿನಾ ಆಕಿಗೆ ಬೈತೀನಿ."

ಭಂಡಾರ

ಇದು ಮಾತ್ರ ಮೊದಲು ನಗುವ ಸಂಗತಿ ಆಗಿರಲಿಲ್ಲ. ಹಡಗಲಿ ಕಡೆಯ ಒಬ್ಬರಿಗೆ ಉರಿಮೂತ್ರ, ಜ್ವರ. ಅವರ ಹೆಂಡತಿ ತಂದುಕೊಟ್ಟ ಬಾಟಲಿಯದನ್ನು ಬೆಳೆಸಿದರೆ, ಮಣ್ಣಿನಲ್ಲಿರುವ ಜಾತಿಯ ಹುಳ ಬೇರೇನೂ ಕಾಣದಂತೆ ತಟ್ಟೆ ತುಂಬ ಹರಡಿತ್ತು. ಮತ್ತೆ ತರಿಸಿದೆವು, ಅದೇ ಹುಳ. ಇಂಥದ್ದು ಮೂತ್ರದಲ್ಲಿ ಬಲು ಅಪರೂಪ. ಇನ್ನೊಮ್ಮೆ ನೋಡೋಣ, ಮತ್ತೆ ಇದೇ ಬಂದರೆ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಸೇರಿಸಬೇಕಾದೀತು ಎಂದರು ಡಾಕ್ಟರು. ಆಯಮ್ಮ ನನ್ನ ಮೇಜಿನ ಮುಂದೆ ನಿಂತು ಅತ್ತಳು.

ಈ ಸಲ ಲ್ಯಾಬಿನಲ್ಲೇ ಹಿಡಿಯಿರಿ ಎಂದು ಹೊಸ ಬಾಟಲಿ ಕೊಟ್ಟೆ. ಗಂಡನ ಕೈಗೆ ಕೊಡುವ ಮುಂಚೆ ಆಯಮ್ಮ ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಅರಿಶಿನ ತೆಗೆದು ಬಾಟಲಿಗೆ ಹಾಕಿದಳು. ಏನದು ಎಂದು ಕೇಳಿದೆ.

"ಮೈಲಾರದ ದೇವರ ಭಂಡಾರ ರೀ. ರಿಪೋಟ್ ಚಲೋ ಬರಲಿ ಅಂತ ಪ್ರತಿ ಸಲಾನೂ ಹಾಕೀನಿ."

ಬೇರೆ ಬಾಟಲಿಯನ್ನು ನಾನೇ ಗಂಡನ ಕೈಗಿಟ್ಟೆ. ಅದರಲ್ಲಿ ಬೆಳೆದದ್ದು ನಾವು ದಿನಾ ನೋಡುವ ಮಾಮೂಲಿ ಹುಳ. ದಾವಣಗೆರೆ ತಪ್ಪಿತು, ಮಾತ್ರೆಯಲ್ಲೇ ಜ್ವರ ಇಳಿಯಿತು. ಅವರು ಮತ್ತೆ ಬಂದಾಗ, ಆ ಇನ್ನೊಂದು ಹುಳ ಪುಡಿಯಲ್ಲಿತ್ತು, ಯಜಮಾನರ ಮೈಯಲ್ಲಿ ಇರಲೇ ಇಲ್ಲ ಎಂದು ಬಿಡಿಸಿ ಹೇಳಿದೆ. ಆಯಮ್ಮ ಸಮಾಧಾನದಿಂದ ಉಸಿರು ಬಿಟ್ಟಳು. ಆಮೇಲೆ ಏನೋ ನೆನಪಾಗಿ, ನಾನು ಹುಳ ಬೆಳೆಸುವ ಪೆಟ್ಟಿಗೆಯ ಕಡೆ ನೋಡಿ ಕೈಮುಗಿದಳು.

"ಆ ತಟ್ಟಿ ಚೆಲ್ಲಬ್ಯಾಡ್ರಿ, ಅದು ದೇವರ ಹುಳ. ಕಟ್ಟಿ ಕೊಡ್ರಿ, ಮೈಲಾರಕ್ಕ ಹೋದಾಗ ಬಿಟ್ಟು ಬರ್ತೀನಿ."